ಅಂಕೆಯೊಳಗಿನ ಆಕಸ್ಮಿಕ: ಕಂಪ್ಯೂಟರ್ ಚಿತ್ರಗಳಲ್ಲಿ ಯಾದೃಚ್ಛಿಕತೆಯನ್ನು ಬಳಸುವ ಬಗೆ

ಪ್ರೋಗ್ರಾಂ ಬರೆದು ಚಿತ್ರ ಮೂಡಿಸಲು ಕಲಿಯುವವರ ಮೊದಲ ಪ್ರಯೋಗ ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ. ಪರದೆಯ ತುಂಬ ಇನ್ನೂರೋ ಮುನ್ನೂರೋ ವೃತ್ತಗಳು. ಪ್ರತಿಯೊಂದರ ಸ್ಥಾನ, ಗಾತ್ರ, ಬಣ್ಣಗಳನ್ನೆಲ್ಲ ಕೇಳಿದಾಗಲೆಲ್ಲ ಊಹಿಸಲಾಗದ ಒಂದು ಸಂಖ್ಯೆಯನ್ನು ಕೊಡುವ ರಾಂಡಮ್ ಫಂಕ್ಷನ್ನೇ ಆರಿಸಿರುತ್ತದೆ. ಮೊದಲ ಸಲ ಓಡಿಸಿದಾಗ ಬೆರಗಾಗುತ್ತದೆ, ಎರಡನೆಯ ಸಲ ಖುಷಿಯಾಗುತ್ತದೆ, ಹತ್ತನೆಯ ಸಲಕ್ಕೆ ಬೇಸರ ಬರುತ್ತದೆ. ಹತ್ತು ಚಿತ್ರಗಳಲ್ಲಿ ಒಂದು ವೃತ್ತವೂ ಇನ್ನೊಂದರ ಜಾಗದಲ್ಲಿ ಇಲ್ಲದಿದ್ದರೂ ಹತ್ತೂ ಒಂದೇ ಚಿತ್ರದಂತೆ ಕಾಣುತ್ತವೆ. ಎಲ್ಲವನ್ನೂ ಆಕಸ್ಮಿಕಕ್ಕೆ ಒಪ್ಪಿಸಿದಾಗ ಬಿಡಿ ವಿವರಗಳು ಬದಲಾಗುತ್ತವೆಯಾದರೂ ಒಟ್ಟು ನೋಟದ ಸರಾಸರಿ ಬದಲಾಗುವುದಿಲ್ಲ. ಕಣ್ಣು ಮೊದಲು ಗ್ರಹಿಸುವುದು ಆ ಸರಾಸರಿಯನ್ನೇ.

ಯಾದೃಚ್ಛಿಕ ಎನ್ನುವುದಕ್ಕೂ ಬೇಕಾಬಿಟ್ಟಿ ಎನ್ನುವುದಕ್ಕೂ ವ್ಯತ್ಯಾಸವಿದೆ. ದಾಳ ಉರುಳಿಸಿದಾಗ ಯಾವ ಗರ ಬೀಳುತ್ತದೆಂದು ಯಾರೂ ಹೇಳಲಾರರು, ಆದರೆ ಅದು ಒಂದರಿಂದ ಆರರೊಳಗೇ ಬೀಳುತ್ತದೆ ಎಂಬುದೂ ಆರು ಮುಖಗಳಿಗೂ ಸಮಾನ ಅವಕಾಶವಿದೆ ಎಂಬುದೂ ದಾಳ ಕೈಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಚಿತ್ರದ ವಿಷಯದಲ್ಲೂ ಹೀಗೆಯೇ. ಅಂಕಿಯನ್ನು ಕಂಪ್ಯೂಟರ್ ಆರಿಸುತ್ತದೆ, ಅಂಕೆಯನ್ನು ನಾವು ಹಾಕಬೇಕು. ಯಾವುದನ್ನು ಆಕಸ್ಮಿಕಕ್ಕೆ ಬಿಡಬೇಕು, ಎಷ್ಟರ ಮಟ್ಟಿಗೆ ಬಿಡಬೇಕು, ಬಿಟ್ಟಮೇಲೆ ಬಂದದ್ದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಇಲ್ಲಿನ ಅಭ್ಯಾಸಗಳಿಗೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಚಿತ್ರ ಬರೆಯಲು ನೆರವಾಗುವ ಪಿ5.ಜೆಎಸ್ ಸಾಕು; ಅದು ಬ್ರೌಸರಿನಲ್ಲೇ ನಡೆಯುತ್ತದೆ, ಉಚಿತವಾಗಿಯೂ ಸಿಗುತ್ತದೆ. ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಆರಂಭಿಸಿದ ಪ್ರಾಸೆಸಿಂಗ್ ಎಂಬ ಸಾಧನದ ಆಶಯವನ್ನು ವೆಬ್‌ಗೆ ತಂದದ್ದು ಲಾರೆನ್ ಮೆಕಾರ್ಥಿ ರೂಪಿಸಿದ ಈ ಲೈಬ್ರರಿ. ಪೈಥಾನ್ ಅಥವಾ ಬೇರೆ ಯಾವುದೇ ಭಾಷೆ ಗೊತ್ತಿದ್ದರೂ ನಡೆಯುತ್ತದೆ, ಏಕೆಂದರೆ ಇಲ್ಲಿನ ಲೆಕ್ಕಗಳು ಭಾಷೆಗೆ ಅಂಟಿಕೊಂಡವಲ್ಲ.

ಮೊದಲು ಕ್ರಮ, ಆಮೇಲೆ ಅಕ್ರಮ

ಇಲ್ಲಿ ಅಕ್ರಮವೆಂದರೆ ಕ್ರಮ ತಪ್ಪುವುದು ಎಂದಷ್ಟೇ ಅರ್ಥ, ಕಾನೂನಿನ ಮಾತಲ್ಲ. ಆಕಸ್ಮಿಕ ಕಣ್ಣಿಗೆ ಬೀಳಬೇಕಾದರೆ ಅದು ಮುರಿಯುವುದಕ್ಕೆ ಒಂದು ಕ್ರಮ ಇರಬೇಕು. ಇದನ್ನು ಕಲಿಯಲು ಜರ್ಮನಿಯ ಗೇಯಾರ್ಗ್ ನೇಸ್ 1968ರ ಸುಮಾರಿಗೆ ರಚಿಸಿದ 'ಶಾಟರ್' ಎಂಬ ಚಿತ್ರಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆ ಹೆಸರಿನ ಅರ್ಥ ಜಲ್ಲಿಕಲ್ಲು. ಅಡ್ಡಕ್ಕೆ 12, ಉದ್ದಕ್ಕೆ 22, ಒಟ್ಟು 264 ಚೌಕಗಳು; ಮೇಲಿನ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತವು ಕೆಳಗಿಳಿದಂತೆಲ್ಲ ಸ್ವಲ್ಪಸ್ವಲ್ಪವೇ ತಿರುಗುತ್ತ, ಜಾರುತ್ತ, ಕೊನೆಗೆ ಸುರಿದ ಜಲ್ಲಿಯಂತೆ ಚೆಲ್ಲಾಪಿಲ್ಲಿಯಾಗುತ್ತವೆ. ಬಣ್ಣವಿಲ್ಲ, ಆಕಾರ ಒಂದೇ, ಗಾತ್ರ ಒಂದೇ.

ಇದನ್ನು ನೀವೇ ಮತ್ತೆ ಕಟ್ಟಿ ನೋಡಿ. 600 ಪಿಕ್ಸೆಲ್ ಅಗಲ, 1,000 ಪಿಕ್ಸೆಲ್ ಎತ್ತರದ ಹಾಳೆಯಲ್ಲಿ ನಾಲ್ಕೂ ಕಡೆ 60 ಪಿಕ್ಸೆಲ್ ಅಂಚು ಬಿಟ್ಟರೆ 40 ಪಿಕ್ಸೆಲ್ ಬದಿಯ ಚೌಕಗಳು 12 ಕಂಬಸಾಲು, 22 ಅಡ್ಡಸಾಲುಗಳಲ್ಲಿ ಸರಿಯಾಗಿ ಕೂರುತ್ತವೆ. ಮೊದಲು ರಾಂಡಮ್ ಅನ್ನು ಮುಟ್ಟದೆ ಈ ಗ್ರಿಡ್ಡನ್ನಷ್ಟೇ ಬರೆಯಿರಿ. ಅನಂತರ ಪ್ರತಿ ಸಾಲಿಗೆ ಒಂದು ಪ್ರಮಾಣವನ್ನು ಲೆಕ್ಕ ಹಾಕಿ: ಸಾಲುಗಳನ್ನು 0ರಿಂದ 21ರವರೆಗೆ ಎಣಿಸಿ, ಸಾಲಿನ ಸಂಖ್ಯೆಯನ್ನು 21ರಿಂದ ಭಾಗಿಸಿದರೆ ಮೇಲಿನ ಸಾಲಿಗೆ 0, ಕೊನೆಯ ಸಾಲಿಗೆ 1 ಬರುತ್ತದೆ. ಈಗ ಪ್ರತಿ ಚೌಕಕ್ಕೂ ಮೈನಸ್ 45ರಿಂದ ಪ್ಲಸ್ 45 ಡಿಗ್ರಿಯೊಳಗೆ ಒಂದು ಕೋನವನ್ನೂ ಮೈನಸ್ 20ರಿಂದ ಪ್ಲಸ್ 20 ಪಿಕ್ಸೆಲ್‌ನೊಳಗೆ ಅಡ್ಡಕ್ಕೆ ಮತ್ತು ಉದ್ದಕ್ಕೆ ಎಷ್ಟು ಸರಿಸಬೇಕೆಂಬ ಎರಡು ಸಂಖ್ಯೆಗಳನ್ನೂ ರಾಂಡಮ್‌ನಿಂದ ಪಡೆದು, ಮೂರನ್ನೂ ಆ ಪ್ರಮಾಣದಿಂದ ಗುಣಿಸಿ. ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸಬೇಕು. ಮೂಲೆಯ ಸುತ್ತ ತಿರುಗಿಸಿದರೆ ಸಾಲುಗಳು ಬೇರೆಯೇ ರೀತಿಯಲ್ಲಿ ವಾಲುತ್ತವೆ. ಇದು ಹೊಸಬರು ಎಡವುವ ಜಾಗ.

ಚಿತ್ರ ಬಂದಮೇಲೆ ಅದರ ಮೇಲೆ ಎರಡು ಪರೀಕ್ಷೆಗಳನ್ನು ಮಾಡಿ. ಮೊದಲನೆಯದಾಗಿ, ಪ್ರಮಾಣದಿಂದ ಗುಣಿಸುವುದನ್ನು ತೆಗೆದುಹಾಕಿ, ಎಲ್ಲ ಸಾಲುಗಳಿಗೂ ಪೂರ್ತಿ ಅಕ್ರಮವನ್ನು ಕೊಡಿ. ಚೌಕಗಳು ಅವೇ, ಸಂಖ್ಯೆಗಳ ಮೂಲ ಅದೇ, ಆದರೂ ಚಿತ್ರ ಸತ್ತುಹೋಗುತ್ತದೆ, ಏಕೆಂದರೆ ಜಲ್ಲಿಯ ರಾಶಿ ಮಾತ್ರ ಉಳಿದು, ಜಲ್ಲಿಯಾಗುವ ಕ್ರಿಯೆ ಮಾಯವಾಗಿರುತ್ತದೆ. ಎರಡನೆಯದಾಗಿ, ಪ್ರಮಾಣವನ್ನು ಮರಳಿ ತಂದು ಅದನ್ನು ಅದರಿಂದಲೇ ಗುಣಿಸಿ ವರ್ಗ ಮಾಡಿ. ಆಗ ನಡುವಿನ ಸಾಲಿನಲ್ಲಿ ಅಕ್ರಮದ ಪಾಲು ಅರ್ಧದಿಂದ ಕಾಲಿಗೆ ಇಳಿಯುತ್ತದೆ. ಮೇಲ್ಭಾಗದ ಶಿಸ್ತು ಹೆಚ್ಚು ಹೊತ್ತು ತಾಳಿಕೊಂಡಿದ್ದು, ಕುಸಿತ ಕೆಳಗಡೆ ಒಮ್ಮೆಲೇ ಬರುತ್ತದೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ರಾಂಡಮ್‌ನ ಕರೆಗಿಂತ ಅದನ್ನು ಗುಣಿಸುವ ಈ ಒಂದು ಅಂಶದಲ್ಲೇ ರಚನೆಕಾರನ ಕೈವಾಡವಿದೆಯೆಂದು ಗೊತ್ತಾಗುತ್ತದೆ.

ಎಷ್ಟು ಅಕ್ರಮ ಸಾಕು ಎಂಬ ಪ್ರಶ್ನೆಗೆ ಸೂತ್ರವಿಲ್ಲ, ಹದ ಇದೆ. ಬುಡಾಪೆಸ್ಟ್‌ನಲ್ಲಿ 1924ರಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ನೆಲೆಸಿ, 2023ರಲ್ಲಿ ತೀರಿಕೊಂಡ ಕಲಾವಿದೆ ವೆರಾ ಮೊಲ್ನಾರ್ ತಮ್ಮ ದೀರ್ಘ ವೃತ್ತಿಜೀವನದಲ್ಲಿ ಹುಡುಕಿದ್ದು ಬಹುಪಾಲು ಈ ಹದವನ್ನೇ. ಶೇಕಡಾ 1ರಷ್ಟು ಅವ್ಯವಸ್ಥೆ ಎಂಬುದು ಅವರ ಕೃತಿಗಳಲ್ಲಿ ಹೆಸರಾಗಿಯೇ ಬರುತ್ತದೆ. 1968ರಲ್ಲಿ ಕಂಪ್ಯೂಟರ್ ಕೈಗೆ ಸಿಗುವ ಮೊದಲೇ ಅವರು ಕಲ್ಪನೆಯ ಯಂತ್ರವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ತಾವೇ ಹಾಕಿಕೊಂಡ ನಿಯಮಗಳನ್ನು ಕೈಯಿಂದ ಪಾಲಿಸುತ್ತ ಚಿತ್ರ ಬರೆಯುತ್ತಿದ್ದರು. ನನ್ನ ಅನುಭವದಲ್ಲಿ ಹೊಸಬರು ಮೊದಲು ಕೊಡುವ ಅಕ್ರಮದ ಪ್ರಮಾಣ ಬೇಕಾದುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಿರುತ್ತದೆ. ಕೋನದ ಮಿತಿಯನ್ನು 45ರಿಂದ 10 ಡಿಗ್ರಿಗೆ ಇಳಿಸಿ ನೋಡಿದಮೇಲೆಯೇ 45 ಬೇಕೋ ಬೇಡವೋ ಎಂದು ನಿರ್ಧರಿಸುವುದು ಒಳ್ಳೆಯದು.

ಸೀಡ್ ಅನ್ನು ಕಳೆದುಕೊಳ್ಳಬೇಡಿ

ಕಂಪ್ಯೂಟರ್ ಕೊಡುವ ರಾಂಡಮ್ ಸಂಖ್ಯೆಗಳು ಸಾಮಾನ್ಯವಾಗಿ ಲೆಕ್ಕದಿಂದಲೇ ಹುಟ್ಟುತ್ತವೆ. ಗಣಿತಜ್ಞ ಡಿ. ಎಚ್. ಲೆಹ್ಮರ್ 1949ರಲ್ಲಿ ಸೂಚಿಸಿದ ಗುಣಾಕಾರ ಮತ್ತು ಶೇಷದ ವಿಧಾನದಿಂದ ಬೆಳೆದ ಪುಟ್ಟ ಮಾದರಿಯೊಂದನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ಒಂದು ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಮುಂದಿನ ಸಂಖ್ಯೆಯೆಂದು ತೆಗೆದುಕೊಳ್ಳಿ. 7ರಿಂದ ಆರಂಭಿಸಿದರೆ 6, 1, 8, 11, 10, 5, 12, 15, 14, 9, 0, 3, 2, 13, 4 ಎಂದು ಸಾಗಿ ಮತ್ತೆ 7ಕ್ಕೆ ಬಂದು ನಿಲ್ಲುತ್ತದೆ. ಮೇಲ್ನೋಟಕ್ಕೆ ಎರ್ರಾಬಿರ್ರಿಯಾಗಿ ಕಾಣುವ ಈ ಸಾಲು ಎಷ್ಟು ಸಲ ಮಾಡಿದರೂ ಇದೇ ಆಗಿರುತ್ತದೆ. ಇನ್ನೊಮ್ಮೆ ದಿಟ್ಟಿಸಿದರೆ ಮತ್ತೊಂದು ಗುಟ್ಟೂ ಹೊರಬೀಳುತ್ತದೆ: ಬೆಸ, ಸಮ, ಬೆಸ, ಸಮ ಎಂದು ಒಂದೂ ತಪ್ಪದೆ ಬರುತ್ತಿದೆ. ಬೆಸವಾದರೆ ಕಪ್ಪು, ಸಮವಾದರೆ ಬಿಳಿ ಎಂದು ಬಣ್ಣ ಹಚ್ಚಿದ್ದರೆ ಆಕಸ್ಮಿಕದ ಬದಲು ಪಟ್ಟೆಪಟ್ಟೆ ಸಿಗುತ್ತಿತ್ತು. ಇಂದಿನ ಉತ್ಪಾದಕಗಳು ಇಷ್ಟು ಬಡವಲ್ಲ. ಪೈಥಾನ್ ಭಾಷೆ ಬಳಸುವ, 1997ರಲ್ಲಿ ರೂಪುಗೊಂಡ ಮರ್ಸೆನ್ ಟ್ವಿಸ್ಟರ್ ಮತ್ತೆ ಮೊದಲಿಗೆ ಮರಳುವ ಮುನ್ನ ಕೊಡುವ ಸಂಖ್ಯೆಗಳ ಎಣಿಕೆ ಎರಡರ 19,937ನೆಯ ಘಾತಕ್ಕೆ ಒಂದೇ ಕಡಿಮೆ. ಆದರೂ ತತ್ವ ಅದೇ. ಆರಂಭದ ಸಂಖ್ಯೆ ಗೊತ್ತಿದ್ದರೆ ಇಡೀ ಸಾಲು ಗೊತ್ತಿದ್ದಂತೆ. ಆ ಆರಂಭದ ಸಂಖ್ಯೆಯೇ ಸೀಡ್, ಎಂದರೆ ಬೀಜ.

ಚಿತ್ರಕಾರನಿಗೆ ಇದು ದೊಡ್ಡ ವರ. ನಿಜವಾದ ದಾಳ ಹಾಕಿ ಬರೆದ ಚಿತ್ರವನ್ನು ಮತ್ತೆ ಬರೆಯಿಸಲಾಗದು. ಸೀಡ್ ಇಟ್ಟುಕೊಂಡ ಚಿತ್ರವನ್ನು ಹತ್ತು ವರ್ಷಗಳ ನಂತರವೂ ಗೆರೆ ತಪ್ಪದಂತೆ ಪಡೆಯಬಹುದು. ಪಿ5.ಜೆಎಸ್‌ನಲ್ಲಿ ರಾಂಡಮ್‌ಸೀಡ್ ಎಂಬ ಫಂಕ್ಷನ್ನಿಗೆ ಒಂದು ಸಂಖ್ಯೆಯನ್ನು ಕೊಟ್ಟರೆ ಮುಂದಿನ ರಾಂಡಮ್ ಕರೆಗಳೆಲ್ಲ ಅದಕ್ಕೆ ಕಟ್ಟುಬೀಳುತ್ತವೆ. ಮುಂದೆ ಹೇಳಲಿರುವ ನಾಯ್ಸ್ ಫಂಕ್ಷನ್ನಿಗೆ ನಾಯ್ಸ್‌ಸೀಡ್ ಎಂಬುದು ಬೇರೆಯೇ ಇದೆ. ಒಂದನ್ನು ನಿಗದಿಪಡಿಸಿ ಇನ್ನೊಂದನ್ನು ಮರೆತವರು ಅರ್ಧ ಮಾತ್ರ ಮರುಕಳಿಸುವ ಚಿತ್ರವನ್ನು ಎದುರಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಾರೆ. ಜಾವಾಸ್ಕ್ರಿಪ್ಟಿನ ಸ್ವಂತ ಮ್ಯಾಥ್.ರಾಂಡಮ್‌ಗೆ ಸೀಡ್ ಕೊಡುವ ಅವಕಾಶವೇ ಇಲ್ಲವಾದ್ದರಿಂದ ಚಿತ್ರದ ಕೋಡಿನಲ್ಲಿ ಅದನ್ನು ಬಳಸಬೇಡಿ. ಚಿತ್ರವನ್ನು ಉಳಿಸುವಾಗ ಸೀಡ್ ಸಂಖ್ಯೆ ಕಡತದ ಹೆಸರಿನಲ್ಲೇ ಸೇರುವಂತೆ ಕೋಡ್ ಬರೆಯಿರಿ, ಮತ್ತು ಆ ಹೊತ್ತಿನ ಕೋಡಿನ ಪ್ರತಿಯನ್ನೂ ಜೊತೆಗೆ ಇಟ್ಟುಕೊಳ್ಳಿ. ಕೋಡ್ ಬದಲಾದಮೇಲೆ ಸೀಡ್ ಒಂದೇ ಉಳಿದರೆ ಅದು ಬೀಗವಿಲ್ಲದ ಕೀಲಿಕೈ.

ಈ ಮಾತನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. 800 ಪಿಕ್ಸೆಲ್ ಅಗಲದಲ್ಲಿ ಬರೆಯಿಸಿದ್ದ ಒಂದು ಚಿತ್ರ ಇಷ್ಟವಾಗಿ, ಸೀಡ್ ಕೈಯಲ್ಲಿದೆಯೆಂಬ ಧೈರ್ಯದಿಂದ ಅದನ್ನು ದೊಡ್ಡದಾಗಿ ಮುದ್ರಿಸಿಕೊಡುತ್ತೇನೆಂದು ಒಪ್ಪಿಕೊಂಡೆ. ಅಗಲವನ್ನು 6,000ಕ್ಕೆ ಏರಿಸಿ ಓಡಿಸಿದಾಗ ಬಂದದ್ದು ಬೇರೆಯೇ ಚಿತ್ರ. ಪ್ರತಿ 8 ಪಿಕ್ಸೆಲ್‌ಗೆ ಒಂದು ಗೆರೆ ಎಂದು ನಾನು ಬರೆದಿದ್ದೆ. 100 ಗೆರೆಗಳಿದ್ದಲ್ಲಿ 750 ಬಂದವು, ಎರಡನೆಯ ಗೆರೆಯಿಂದಾಚೆಗೆ ಯಾವ ಗೆರೆಯೂ ತನ್ನ ಹಳೆಯ ಜಾಗದಲ್ಲಿ ಇರಲಿಲ್ಲ. ಎರಡು ರಾತ್ರಿ ಕೂತು ಕೋಡನ್ನು ತಿದ್ದಬೇಕಾಯಿತು. ಅಂದಿನಿಂದ ಎಲ್ಲ ಅಳತೆಗಳನ್ನೂ ಹಾಳೆಯ ಅಗಲದ ಭಾಗಗಳಾಗಿಯೇ ಬರೆಯುತ್ತೇನೆ: ಗೆರೆಗಳ ಸಂಖ್ಯೆ 100 ಎಂದು ಖಚಿತ, ಅಂತರ ಅಗಲದ ನೂರನೆಯ ಒಂದು ಭಾಗ, ಗೆರೆಯ ದಪ್ಪ ಅಗಲದ ಎಂಟುನೂರನೆಯ ಒಂದು ಭಾಗ. ಹೀಗೆ ಬರೆದ ಚಿತ್ರ ಅಂಗೈಯಗಲದಲ್ಲೂ ಗೋಡೆಯಗಲದಲ್ಲೂ ಒಂದೇ ಆಗಿ ಬರುತ್ತದೆ.

ಇದೇ ಜಾತಿಯ ಇನ್ನೊಂದು ತೊಡಕಿದೆ. ಸಂಖ್ಯೆಗಳು ಸರತಿಯ ಸಾಲಿನಲ್ಲಿ ಬರುತ್ತವೆಯಾದ್ದರಿಂದ ಕೋಡಿನ ನಡುವೆ ಹೊಸದಾಗಿ ಒಂದೇ ಒಂದು ರಾಂಡಮ್ ಕರೆಯನ್ನು ಸೇರಿಸಿದರೂ ಅದರ ನಂತರದವರೆಲ್ಲರಿಗೂ ಬೇರೆ ಸಂಖ್ಯೆ ಸಿಗುತ್ತದೆ. ಬಣ್ಣದಲ್ಲಿ ಸ್ವಲ್ಪ ಏರಿಳಿತ ತರೋಣವೆಂದು ಹೊರಟವರ ಚೌಕಗಳ ಸ್ಥಾನವೇ ಬದಲಾಗುತ್ತದೆ. ಇದಕ್ಕೆ ಸುಲಭವಾದ ಪರಿಹಾರವೆಂದರೆ ಮೊದಲು ಎಲ್ಲ ಚೌಕಗಳ ಸ್ಥಾನವನ್ನು ಲೆಕ್ಕ ಹಾಕಿ ಪಟ್ಟಿಯಲ್ಲಿ ಇಟ್ಟುಕೊಂಡು, ಆಮೇಲೆ ಮತ್ತೊಂದು ಸೀಡ್ ಕೊಟ್ಟು ಬಣ್ಣಗಳನ್ನು ಆರಿಸುವುದು. ಇದರಿಂದ ರಚನೆ ಹಿಡಿಸಿ ಬಣ್ಣ ಹಿಡಿಸದಿದ್ದಾಗ ಬಣ್ಣದ ಸೀಡನ್ನು ಮಾತ್ರ ಬದಲಿಸುವ ಅನುಕೂಲವೂ ಸಿಗುತ್ತದೆ. ಚಲಿಸುವ ಚಿತ್ರವಾದರೆ ಇನ್ನೂ ಒಂದು ಎಚ್ಚರಿಕೆ ಬೇಕು: ಪಿ5.ಜೆಎಸ್‌ನ ಡ್ರಾ ಫಂಕ್ಷನ್ ಸೆಕೆಂಡಿಗೆ ಸುಮಾರು 60 ಸಲ ಓಡುತ್ತದೆ, ಅದರೊಳಗೆ ರಾಂಡಮ್ ಕರೆದರೆ ಚೌಕಗಳು ಮೈಮೇಲೆ ದೇವರು ಬಂದಂತೆ ನಡುಗುತ್ತವೆ. ನಿಶ್ಚಲ ಚಿತ್ರಕ್ಕೆ ನೋಲೂಪ್ ಎಂದು ಹೇಳಿ ನಿಲ್ಲಿಸಿ, ಇಲ್ಲವೇ ಡ್ರಾ ಪ್ರತಿ ಸಲ ಓಡುವಾಗ ಅದರ ಆರಂಭದಲ್ಲಿ ಅದೇ ಸೀಡನ್ನು ಮತ್ತೆ ಕೊಡಿ.

ಸಮಾನ ಹಂಚಿಕೆ ಎಲ್ಲ ಕಡೆ ಸಲ್ಲದು

ರಾಂಡಮ್ ಫಂಕ್ಷನ್ ತಾನಾಗಿಯೇ ಕೊಡುವುದು ಸಮಾನ ಹಂಚಿಕೆಯನ್ನು. ಮಿತಿಯೊಳಗಿನ ಪ್ರತಿ ಸಂಖ್ಯೆಗೂ ಒಂದೇ ಅವಕಾಶ. ಕಣ್ಣಿಗೆ ಇದು ಸಹಜವಾಗಿ ಕಾಣುವುದು ಅಪರೂಪ. ಕೈಯಿಂದ ಗೆರೆ ಎಳೆಯುವಾಗ ಆಗುವ ತಪ್ಪುಗಳು ಹೆಚ್ಚಾಗಿ ಸಣ್ಣವು, ಕೆಲವು ಮಧ್ಯಮ, ಎಲ್ಲೋ ಒಂದು ದೊಡ್ಡದು. ಇಂಥ ಕಡೆ, ಸರಾಸರಿಯ ಬಳಿ ಹೆಚ್ಚು ಸಂಖ್ಯೆಗಳನ್ನೂ ದೂರ ಹೋದಂತೆ ಕಡಿಮೆ ಸಂಖ್ಯೆಗಳನ್ನೂ ಕೊಡುವ ಗಾಸಿಯನ್ ಹಂಚಿಕೆಯನ್ನು ಬಳಸಬೇಕು. ಪಿ5.ಜೆಎಸ್‌ನಲ್ಲಿ ರಾಂಡಮ್‌ಗಾಸಿಯನ್ ಎಂಬ ಫಂಕ್ಷನ್ನಿಗೆ ಸರಾಸರಿಯನ್ನೂ ಪ್ರಮಾಣಿತ ವಿಚಲನೆಯನ್ನೂ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರುತ್ತವೆಂಬ ಅಳತೆ) ಕೊಟ್ಟರೆ ನೂರರಲ್ಲಿ ಸುಮಾರು 68 ಸಂಖ್ಯೆಗಳು ಸರಾಸರಿಯಿಂದ ಒಂದು ವಿಚಲನೆಯೊಳಗೆ, ಸುಮಾರು 95 ಎರಡು ವಿಚಲನೆಯೊಳಗೆ ಬೀಳುತ್ತವೆ. ಉಳಿದವು ದೂರ ಹೋಗುತ್ತವೆ, ಕೆಲವು ಬಹುದೂರ: 5,000 ಚುಕ್ಕೆ ಇಟ್ಟರೆ ಸುಮಾರು ಹದಿಮೂರು ಹದಿನಾಲ್ಕು ಮೂರು ವಿಚಲನೆಯಾಚೆ ಇರುತ್ತವೆಂದು ಎಣಿಸಬಹುದು. ಅವು ಹಾಳೆಯಿಂದ ಹೊರಬೀಳದಂತೆ ಅಂಚಿಗೆ ತಂದು ನಿಲ್ಲಿಸಿದರೆ ಅಂಚಿನಲ್ಲಿ ಚುಕ್ಕೆಗಳ ಗೆರೆಯೇ ಮೂಡುತ್ತದೆ. ನಿಲ್ಲಿಸುವ ಬದಲು ಅವನ್ನು ಬಿಟ್ಟು ಹೊಸ ಸಂಖ್ಯೆಯನ್ನು ಪಡೆಯುವುದೇ ಸರಿ.

ವೃತ್ತದೊಳಗೆ ಚುಕ್ಕೆ ತುಂಬುವಾಗಲೂ ಒಂದು ಮೋಸ ಕಾದಿರುತ್ತದೆ. ಕೋನವನ್ನು ಸಮಾನವಾಗಿ, ಕೇಂದ್ರದಿಂದ ದೂರವನ್ನೂ ಸಮಾನವಾಗಿ ಆರಿಸಿದರೆ ಅರ್ಧ ತ್ರಿಜ್ಯದ ಒಳವೃತ್ತಕ್ಕೆ ಅರ್ಧದಷ್ಟು ಚುಕ್ಕೆಗಳು ಹೋಗುತ್ತವೆ, ಆದರೆ ಆ ಒಳವೃತ್ತದ ವಿಸ್ತೀರ್ಣ ಪೂರ್ತಿಯ ಕಾಲುಭಾಗ ಮಾತ್ರ. ನಡುವೆ ಜಿನುಗಿದಂತೆ ದಟ್ಟಣೆಯಾಗುತ್ತದೆ. 0 ಮತ್ತು 1ರ ನಡುವಿನ ರಾಂಡಮ್ ಸಂಖ್ಯೆಯ ವರ್ಗಮೂಲವನ್ನು ತೆಗೆದು ತ್ರಿಜ್ಯದಿಂದ ಗುಣಿಸಿ ದೂರವನ್ನಾಗಿ ಬಳಸಿದರೆ ಹರಡುವಿಕೆ ಸಮನಾಗುತ್ತದೆ. ನಡುವಿನ ದಟ್ಟಣೆಯೇ ಬೇಕಿದ್ದರೆ ವರ್ಗಮೂಲವನ್ನು ಬಿಡಬಹುದು. ಆದರೆ ಅದು ತಿಳಿದು ಬಿಟ್ಟದ್ದಾಗಿರಲಿ.

ಇದಕ್ಕಿಂತ ಹೆಚ್ಚು ಜನ ಸೋಲುವುದು ಗುಂಪುಗೂಡುವಿಕೆಯ ಮುಂದೆ. ಹಾಳೆಯನ್ನು 100 ಮನೆಗಳಾಗಿ ಭಾಗಿಸಿ 100 ಚುಕ್ಕೆಗಳನ್ನು ರಾಂಡಮ್ ಆಗಿ ಎರಚಿದರೆ ಸರಾಸರಿ 37 ಮನೆಗಳು ಖಾಲಿ ಉಳಿಯುತ್ತವೆ, ಸುಮಾರು 26 ಮನೆಗಳಲ್ಲಿ ಎರಡೋ ಅದಕ್ಕಿಂತ ಹೆಚ್ಚೋ ಚುಕ್ಕೆಗಳು ಒತ್ತೊತ್ತಾಗಿ ಕೂರುತ್ತವೆ. ನೋಡುವವರು ಇದನ್ನು ರಾಂಡಮ್ ಎಂದು ಒಪ್ಪುವುದಿಲ್ಲ, ಏನೋ ತಪ್ಪಾಗಿದೆ ಎನ್ನುತ್ತಾರೆ. ರಾತ್ರಿಯ ಆಕಾಶಕ್ಕೋ ಸಿಡಿದ ಮಸಿಗೋ ಈ ಗುಂಪುಗೂಡುವಿಕೆ ಹೊಂದುತ್ತದೆ. ಹುಲ್ಲು, ಎಲೆ, ಚರ್ಮದ ರಂಧ್ರಗಳಂಥವಕ್ಕೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಪ್ರತಿಯೊಂದೂ ತನ್ನ ಸುತ್ತ ಸ್ವಲ್ಪ ಜಾಗವನ್ನು ಕಾಯ್ದುಕೊಳ್ಳುತ್ತದೆ. ಅಂಥ ಚಿತ್ರಕ್ಕೆ ಪ್ರತಿ ಮನೆಗೂ ಒಂದೊಂದೇ ಚುಕ್ಕೆ ಇಟ್ಟು ಮನೆಯೊಳಗೇ ಅದನ್ನು ಸ್ವಲ್ಪ ಸರಿಸುವುದು ಸುಲಭದ ದಾರಿ. ಇನ್ನೂ ಚೆನ್ನಾಗಿ ಬರಬೇಕೆಂದರೆ ಪ್ರತಿ ಹೊಸ ಚುಕ್ಕೆಗೆ ಹತ್ತು ಉಮೇದುವಾರ ಸ್ಥಾನಗಳನ್ನು ರಾಂಡಮ್ ಆಗಿ ಹುಟ್ಟಿಸಿ, ಪ್ರತಿಯೊಂದಕ್ಕೂ ಹತ್ತಿರದ ಹಳೆಯ ಚುಕ್ಕೆ ಎಷ್ಟು ದೂರವಿದೆಯೆಂದು ಅಳೆದು, ಆ ದೂರ ಅತಿ ಹೆಚ್ಚಿರುವ ಒಂದನ್ನು ಉಳಿಸಿಕೊಂಡು ಒಂಬತ್ತನ್ನು ಎಸೆಯಿರಿ. ಸಾವಿರಾರು ಚುಕ್ಕೆಗಳಿದ್ದಾಗ ಈ ವಿಧಾನ ನಿಧಾನವಾಗುತ್ತದೆ. ಆಗ ರಾಬರ್ಟ್ ಬ್ರಿಡ್ಸನ್ 2007ರಲ್ಲಿ ಕೊಟ್ಟ, ಚುಕ್ಕೆಗಳ ನಡುವೆ ಕನಿಷ್ಠ ಅಂತರವನ್ನು ಉಳಿಸುವ ಪಾಯ್ಸಾನ್ ಡಿಸ್ಕ್ ವಿಧಾನವನ್ನು ಹುಡುಕಿಕೊಳ್ಳಿ. ಸಿದ್ಧ ಕೋಡ್ ಹಲವು ಭಾಷೆಗಳಲ್ಲಿ ಸಿಗುತ್ತದೆ.

ನೆರೆಯ ನೆನಪಿರುವ ಆಕಸ್ಮಿಕ

ರಾಂಡಮ್‌ಗೆ ನೆನಪಿಲ್ಲ, ಒಳಗಿನ ಲೆಕ್ಕ ಹೇಗಿದ್ದರೂ ಹಿಂದಿನ ಸಂಖ್ಯೆ ದೊಡ್ಡದಿತ್ತೋ ಸಣ್ಣದಿತ್ತೋ ಎಂಬುದರಿಂದ ಮುಂದಿನದನ್ನು ಊಹಿಸಲಾಗದು. ಆದರೆ ಬೆಟ್ಟದ ಏಣು, ಮೋಡದ ದಟ್ಟಣೆ, ಅಮೃತಶಿಲೆಯ ಗೆರೆ ಮುಂತಾದವುಗಳಲ್ಲಿ ಪಕ್ಕಪಕ್ಕದ ಬೆಲೆಗಳು ಒಂದಕ್ಕೊಂದು ಹತ್ತಿರವಿರುತ್ತವೆ. 1982ರ 'ಟ್ರಾನ್' ಚಲನಚಿತ್ರದಲ್ಲಿ ದುಡಿದಿದ್ದ ಕೆನ್ ಪರ್ಲಿನ್ ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪಿನಿಂದ ಬೇಸತ್ತು ರೂಪಿಸಿದ, 1985ರಲ್ಲಿ ಪ್ರಕಟಿಸಿದ ನಾಯ್ಸ್ ವಿಧಾನ ಈ ಕೊರತೆಯನ್ನು ತುಂಬಿತು. 1997ರಲ್ಲಿ ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಬಳಸುವುದು ಕಷ್ಟವಲ್ಲ. 600 ಬಿಂದುಗಳ ಒಂದು ಅಡ್ಡಗೆರೆಯಲ್ಲಿ ಪ್ರತಿ ಬಿಂದುವಿನ ಎತ್ತರವನ್ನು ರಾಂಡಮ್‌ನಿಂದ ಪಡೆದರೆ ಗರಗಸದ ಹಲ್ಲು ಬರುತ್ತದೆ. ಅದೇ ಎತ್ತರವನ್ನು ನಾಯ್ಸ್‌ನಿಂದ ಪಡೆದು, ಅದಕ್ಕೆ ಕೊಡುವ ಸಂಖ್ಯೆಯನ್ನು ಒಂದು ಬಿಂದುವಿಗೆ 0.01ರಂತೆ ಹೆಚ್ಚಿಸುತ್ತ ಹೋದರೆ ಕೆಲವು ಗುಡ್ಡಗಳು ಏಳುತ್ತವೆ. ಹೆಜ್ಜೆಯನ್ನು 0.001ಕ್ಕೆ ಇಳಿಸಿದರೆ ಇಡೀ ಗೆರೆ ಒಂದೇ ಇಳಿಜಾರಾಗುತ್ತದೆ, 0.1ಕ್ಕೆ ಏರಿಸಿದರೆ ಗುಡ್ಡಗಳು ಒತ್ತೊತ್ತಾಗಿ ಒರಟಾಗುತ್ತವೆ. 1ಕ್ಕೆ ಏರಿಸಿದರೆ ನೆರೆಹೊರೆಯ ನಂಟು ಕಡಿದುಹೋಗಿ ನಾಯ್ಸ್‌ನಿಂದ ಏನೂ ಪ್ರಯೋಜನವಾಗುವುದಿಲ್ಲ. ಆದ್ದರಿಂದ ನಾಯ್ಸ್ ಸರಿಬರುತ್ತಿಲ್ಲವೆಂದು ಅನಿಸಿದಾಗ ಮೊದಲು ನೋಡಬೇಕಾದದ್ದು ಹೆಜ್ಜೆಯನ್ನು.

ಎರಡನೆಯದಾಗಿ ನೋಡಬೇಕಾದದ್ದು ಬೆಲೆಗಳ ಹಂಚಿಕೆಯನ್ನು. ಹರಿಯುವ ಗೆರೆಗಳ ಚಿತ್ರಗಳಲ್ಲಿ ಹಾಳೆಯ ಪ್ರತಿ ಬಿಂದುವಿಗೂ ನಾಯ್ಸ್‌ನಿಂದ ಒಂದು ದಿಕ್ಕನ್ನು ಕೊಟ್ಟು, ಗೆರೆ ಆ ದಿಕ್ಕುಗಳನ್ನು ಅನುಸರಿಸಿ ನಡೆಯುವಂತೆ ಮಾಡುತ್ತಾರೆ. ನಾಯ್ಸ್ 0ರಿಂದ 1ರವರೆಗೆ ಇರುತ್ತದೆಂದು ಓದಿ, ಅದನ್ನು 360ರಿಂದ ಗುಣಿಸಿ ಡಿಗ್ರಿ ಮಾಡಿದರೆ ಎಲ್ಲ ದಿಕ್ಕುಗಳೂ ಸಿಗುತ್ತವೆಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಗೆರೆಗಳು ಹಟ ಹಿಡಿದಂತೆ ಎಡಕ್ಕೇ ಹರಿಯುತ್ತಿದ್ದವು. ಕೊನೆಗೆ ಬೆಲೆಗಳನ್ನು ಪಟ್ಟಿ ಮಾಡಿ ನೋಡಿದಾಗ ಬಹುಪಾಲು 0.5ರ ಆಸುಪಾಸಿನಲ್ಲೇ ಗುಂಪುಗಟ್ಟಿರುವುದೂ 0 ಅಥವಾ 1ರ ತುದಿಗೆ ಹೋಗುವುದು ಬಹಳ ಅಪರೂಪವೆಂಬುದೂ ತಿಳಿಯಿತು. 360ರ ಅರ್ಧ 180, 180 ಡಿಗ್ರಿಯೆಂದರೆ ಎಡದಿಕ್ಕು. ಗುಣಕವನ್ನು 720ಕ್ಕೆ ಏರಿಸಿದರೆ, ಅಥವಾ 0.25ರಿಂದ 0.75ರವರೆಗಿನ ಬೆಲೆಗಳನ್ನು ಹಿಗ್ಗಿಸಿ ಇಡೀ ಸುತ್ತಿಗೆ ಹೊಂದಿಸಿದರೆ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ.

ಬಣ್ಣ

ಬಣ್ಣದಲ್ಲಿ ಆಕಸ್ಮಿಕಕ್ಕೆ ಅತಿ ಕಡಿಮೆ ಸ್ವಾತಂತ್ರ್ಯ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೆಂಪು, ಹಸಿರು, ನೀಲಿ ಮೂರನ್ನೂ 0ರಿಂದ 255ರವರೆಗೆ ರಾಂಡಮ್ ಮಾಡಿದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳ ಸಂತೆಯೇ ನೆರೆಯುತ್ತದೆ, ಯಾವುದಕ್ಕೂ ಯಾವುದರ ಸಂಬಂಧವೂ ಇರುವುದಿಲ್ಲ. ಕೈಯಾರೆ ಆರಿಸಿದ ನಾಲ್ಕೈದು ಬಣ್ಣಗಳ ಪಟ್ಟಿಯನ್ನು ಮಾಡಿಕೊಂಡು, ಅವುಗಳಿಗೆ ಪಾಲು ಹಂಚಿ: ಉದಾಹರಣೆಗೆ ನೂರರಲ್ಲಿ 62, 20, 10, 6, 2. 264 ಚೌಕಗಳಲ್ಲಿ ಕೊನೆಯ ಬಣ್ಣಕ್ಕೆ ಸಿಗುವುದು ಐದಾರು ಮಾತ್ರ. ಕಣ್ಣು ಅವನ್ನೇ ಹುಡುಕಿಕೊಂಡು ಹೋಗುತ್ತದೆ. ಆದರೆ ರಾಂಡಮ್ ಆರಿಸುವಾಗ ಆ ಐದರ ಬದಲು ಒಂದೂ ಬರದಿರಬಹುದು, ಹನ್ನೊಂದೂ ಬರಬಹುದು. ಎಣಿಕೆ ಖಚಿತವಾಗಿರಬೇಕೆಂದರೆ ಬೇಕಾದಷ್ಟು ಬಣ್ಣಗಳನ್ನು ಮೊದಲೇ ಪಟ್ಟಿಯಲ್ಲಿ ತುಂಬಿ, ಇಸ್ಪೀಟು ಎಲೆಗಳನ್ನು ಕಲಸುವಂತೆ ಶಫಲ್ ಫಂಕ್ಷನ್ನಿನಿಂದ ಕಲಸಿ, ಮೇಲಿನಿಂದ ಒಂದೊಂದೇ ತೆಗೆದುಕೊಳ್ಳಿ. ಹೀಗೆ ಮಾಡಿದಾಗ ಆಕಸ್ಮಿಕಕ್ಕೆ ಉಳಿಯುವುದು ಎಲ್ಲಿ ಎಂಬ ಪ್ರಶ್ನೆ ಮಾತ್ರ. ಎಷ್ಟು ಎಂಬುದಕ್ಕೆ ಉತ್ತರ ನಿಮ್ಮದೇ.

ಒಂದೇ ಪ್ರಶ್ನೆಯನ್ನು ಆಕಸ್ಮಿಕಕ್ಕೆ ಬಿಟ್ಟರೂ ಎಷ್ಟು ದೂರ ಹೋಗಬಹುದೆಂಬುದಕ್ಕೆ ಫ್ರಾನ್ಸಿನ ಕಲಾವಿದ ಫ್ರಾಂಸ್ವಾ ಮೊರೆಲೆ 1960ರಲ್ಲಿ ಕಂಪ್ಯೂಟರ್ ಇಲ್ಲದೆಯೇ ಮಾಡಿದ ಚಿತ್ರವನ್ನು ನೋಡಬೇಕು. 40,000 ಪುಟ್ಟ ಚೌಕಗಳು, ನೀಲಿ ಮತ್ತು ಕೆಂಪು ಎರಡೇ ಬಣ್ಣ. ಯಾವ ಚೌಕಕ್ಕೆ ಯಾವ ಬಣ್ಣವೆಂಬುದನ್ನು ತೀರ್ಮಾನಿಸಿದ್ದು ಟೆಲಿಫೋನ್ ಡೈರೆಕ್ಟರಿಯ ಅಂಕಿಗಳು ಸಮವೋ ಬೆಸವೋ ಎಂಬ ಲೆಕ್ಕ. ಉಳಿದೆಲ್ಲವೂ ಮೊದಲೇ ನಿಗದಿಯಾಗಿತ್ತು.

ಆರಿಸುವ ಕೆಲಸ

ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಎ. ಮೈಕೆಲ್ ನಾಲ್ 1964ರಲ್ಲಿ ಡಚ್ ಚಿತ್ರಕಾರ ಮಾಂಡ್ರಿಯಾನ್‌ನ 1917ರ ಒಂದು ಚಿತ್ರವನ್ನು ಹೋಲುವಂತೆ, ಅಡ್ಡ ಮತ್ತು ಉದ್ದದ ಗಿಡ್ಡ ಗೆರೆಗಳನ್ನು ವೃತ್ತಾಕಾರದ ಎಲ್ಲೆಯೊಳಗೆ ಆಕಸ್ಮಿಕವಾಗಿ ಹರಡುವ ಪ್ರೋಗ್ರಾಂ ಬರೆದರು. ಎರಡರ ಪ್ರತಿಗಳನ್ನೂ 100 ಜನರಿಗೆ ತೋರಿಸಿದಾಗ 59 ಮಂದಿ ಕಂಪ್ಯೂಟರಿನದನ್ನು ಮೆಚ್ಚಿದರು. ಯಾವುದು ಕಂಪ್ಯೂಟರಿನದೆಂದು ಸರಿಯಾಗಿ ಗುರುತಿಸಿದವರು 28 ಮಂದಿ ಮಾತ್ರ. ಇದನ್ನು ಯಂತ್ರದ ಗೆಲುವೆಂದು ಹೇಳುವುದು ರೂಢಿ. ನನಗೆ ಇದರಲ್ಲಿ ಕಾಣುವುದು ನಾಲ್ ಹಾಕಿದ ಮಿತಿಗಳು: ಯಾವ ಗೆರೆಯೂ ಓರೆಯಾಗದು, ಯಾವುದೂ ಎಲ್ಲೆ ದಾಟದು, ಉದ್ದ ಮತ್ತು ದಪ್ಪಗಳೂ ಗೊತ್ತುಪಡಿಸಿದ ವ್ಯಾಪ್ತಿಯೊಳಗೇ ಇರುತ್ತವೆ.

ಮಿತಿಗಳು ಸರಿಯಾಗಿವೆಯೇ ಎಂದು ತಿಳಿಯಲು ಒಂದೊಂದೇ ಚಿತ್ರವನ್ನು ನೋಡಿದರೆ ಸಾಲದು. 1ರಿಂದ 36ರವರೆಗಿನ ಸೀಡ್‌ಗಳ ಚಿತ್ರಗಳನ್ನು ಆರು ಸಾಲು, ಆರು ಕಂಬಸಾಲುಗಳಲ್ಲಿ ಚಿಕ್ಕದಾಗಿ ಒಂದೇ ಹಾಳೆಯ ಮೇಲೆ ಬರುವಂತೆ ಮಾಡಿಕೊಳ್ಳಿ. ಎಲ್ಲರ ಕಣ್ಣೂ ಚೆಂದದ ಒಂದೆರಡರ ಮೇಲೆ ನಿಲ್ಲುತ್ತದೆ. ಕಲಿಯಬೇಕೆಂದರೆ ಕೆಟ್ಟವುಗಳನ್ನು ನೋಡಬೇಕು. ಕೆಟ್ಟುಹೋದ ನಾಲ್ಕೈದನ್ನು ಬದಿಗಿಟ್ಟು ಅವುಗಳಿಗೆ ಸಮಾನವಾದ ದೋಷವೇನೆಂದು ಹುಡುಕಿದರೆ ಹೆಚ್ಚಾಗಿ ಒಂದೇ ಅಂಶ ಸಿಕ್ಕಿಬೀಳುತ್ತದೆ: ಎಲ್ಲದರಲ್ಲೂ ಗೆರೆ 2 ಪಿಕ್ಸೆಲ್‌ಗಿಂತ ತೆಳ್ಳಗಿದೆ, ಅಥವಾ ಎಲ್ಲದರಲ್ಲೂ ದೊಡ್ಡ ವೃತ್ತ ಮೂಲೆಗೆ ಹೋಗಿದೆ. ಆ ಅಂಶದ ವ್ಯಾಪ್ತಿಯನ್ನು ಕಿರಿದುಗೊಳಿಸಿ ಮತ್ತೆ 36 ತೆಗೆಯಿರಿ. ಇದಕ್ಕೆ ವಿರುದ್ಧವಾದ ರೋಗವೂ ಇದೆ: 36ರಲ್ಲಿ ಎಲ್ಲವೂ ಒಂದೇ ಅಚ್ಚಿನಿಂದ ಬಿದ್ದಂತಿದ್ದರೆ ಮಿತಿ ಬಿಗಿಯಾಯಿತೆಂದು ಅರ್ಥ. ಆಗ ಎಲ್ಲ ಮಿತಿಗಳನ್ನೂ ಒಟ್ಟಿಗೆ ಸಡಿಲಿಸುವ ಬದಲು ಒಂದನ್ನು ಮಾತ್ರ, ಅದೂ ಚಿತ್ರದ ಒಟ್ಟು ರಚನೆಯನ್ನು ಬದಲಿಸುವಂಥದ್ದನ್ನು, ಗ್ರಿಡ್ಡಿನ ಸಾಂದ್ರತೆಯನ್ನೋ ಅಕ್ರಮ ಹೆಚ್ಚುವ ದಿಕ್ಕನ್ನೋ, ಸೀಡಿನ ಕೈಗೆ ಕೊಡಿ. ಹದಿನಾಲ್ಕು ಸಣ್ಣ ಅಂಶಗಳು ಅಲುಗಾಡುವುದಕ್ಕಿಂತ ಒಂದು ದೊಡ್ಡ ಅಂಶ ಬದಲಾದಾಗ ಚಿತ್ರಗಳ ನಡುವಿನ ಭಿನ್ನತೆ ಎದ್ದು ಕಾಣುತ್ತದೆ.

ಆರಿಸಿ ತೋರಿಸುವ ಅವಕಾಶ ನಿಮಗೆ ಇರುತ್ತದೆಯೇ ಎಂಬುದನ್ನೂ ಮೊದಲೇ ಯೋಚಿಸಿರಿ. ಸಾವಿರ ಚಿತ್ರಗಳಲ್ಲಿ ಮೂರನ್ನು ಆರಿಸಿ ಗೋಡೆಗೆ ಹಾಕುವುದಾದರೆ ಉಳಿದ 997 ಹೇಗಿದ್ದರೂ ನಡೆಯುತ್ತದೆ, ಮಿತಿಗಳನ್ನು ಸಡಿಲವಾಗಿಯೇ ಇಟ್ಟು ಅಪರೂಪದ ಮೂರಕ್ಕಾಗಿ ಕಾಯಬಹುದು. ಆದರೆ ಟೈಲರ್ ಹಾಬ್ಸ್ 2021ರಲ್ಲಿ ಬಿಡುಗಡೆ ಮಾಡಿದ, ಹರಿಯುವ ಗೆರೆಗಳನ್ನೇ ಆಧರಿಸಿದ 'ಫಿಡೆಂಜ಼ಾ' ಸರಣಿಯ 999 ಚಿತ್ರಗಳ ಸಂಗತಿ ಬೇರೆ. ಅಲ್ಲಿ ಪ್ರತಿ ಚಿತ್ರದ ಸೀಡ್ ಕೊಳ್ಳುವ ಕ್ಷಣದಲ್ಲಿ ಹುಟ್ಟುತ್ತಿತ್ತು, ಹುಟ್ಟಿದ್ದನ್ನು ಚಿತ್ರಕಾರ ತಡೆಹಿಡಿಯುವಂತಿರಲಿಲ್ಲ. ನಿಮ್ಮ ಕೋಡನ್ನೂ ಹೀಗೆ ಬೇರೆಯವರ ಕೈಗೆ ಕೊಡುವುದಾದರೆ 36ರ ಹಾಳೆ ಸಾಲದು. ಸಾವಿರದಷ್ಟು ಸೀಡ್‌ಗಳ ಚಿತ್ರಗಳನ್ನು ಸಾಲಾಗಿ ತೆಗೆದು, ಎಲ್ಲಕ್ಕಿಂತ ಕೆಟ್ಟ ಹತ್ತನ್ನು ಬೇರ್ಪಡಿಸಿ, ಆ ಹತ್ತಕ್ಕೂ ನಿಮ್ಮ ಹೆಸರು ಹಾಕಲು ಸಂಕೋಚವಾಗದಷ್ಟರ ಮಟ್ಟಿಗೆ ಮಿತಿಗಳನ್ನು ತಿದ್ದಿದಮೇಲೆಯೇ ಕೋಡನ್ನು ಹೊರಗೆ ಬಿಡಿ.